ಸಂಸ್ಕಾರಕ್ಕೆ ಬೆಲೆಯಿಲ್ಲ, ಫ್ರಾಕಿಗೆ ಇದೆ

ಸಂಪಾದಕರಿಗೆ,

ಮಾನ್ಯರೆ,

ಮದುವೆ, ಉಪನಯನಗಳ ದುಂದುವೆಚ್ಚದ ಕುರಿತು ಕೆಲವು ವಾರಗಳಿಂದ ನಿಮ್ಮ ಓದುಗರ ಅಂಕಣದಲ್ಲಿ ಪತ್ರಗಳು ಬರುತ್ತಿವೆ. ಶಿರಸಿಯ ಓದುಗರೊಬ್ಬರು, ಈ ವಿಷಯದಲ್ಲಿ ಕ್ರೈಸ್ತರನ್ನು ನೋಡಿ ಕಲಿಯಬೇಕು, ಚರ್ಚಿಗೆ ಹೋದರೆ ಒಂದು ಗಂಟೆಯಲ್ಲಿ ಎಲ್ಲವೂ ಮುಗಿಯುತ್ತದೆ, ಖರ್ಚೇ ಇಲ್ಲ ಎಂದು ಬರೆದಿದ್ದರು. ಓದಿ ನಗು ಬಂತು. ನಾನು ಕಾರವಾರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಕ್ಯಾಥೊಲಿಕ್ ಹೆಂಗಸು. ಚರ್ಚಿನ ಒಳಗಿನ ಆ ಒಂದು ಗಂಟೆಗೆ ಖರ್ಚಿಲ್ಲ ಎನ್ನುವುದು ನಿಜ. ಆದರೆ ಆ ಗಂಟೆಗಾಗಿ ಮೂರು ತಿಂಗಳು ಮೊದಲೇ ನನ್ನ ಅಂಗಡಿಯ ಮೆಟ್ಟಿಲು ಹತ್ತುವವರ ಚೀಲಗಳಲ್ಲಿ ಏನೇನಿರುತ್ತದೆ ಎಂಬುದನ್ನು ಆ ಹಿರಿಯರು ನೋಡಿಲ್ಲ.

ನಮ್ಮಲ್ಲಿ ಸಂಸ್ಕಾರಗಳು ಏಳು. ಪಾಪನಿವೇದನೆಗೆ ಯಾರೂ ಹೊಸ ಬಟ್ಟೆ ಹೊಲಿಸುವುದಿಲ್ಲ. ರೋಗಿಗೆ ತೈಲ ಹಚ್ಚಿ ಪ್ರಾರ್ಥಿಸುವ ಸಂಸ್ಕಾರಕ್ಕೂ ದರ್ಜಿ ಬೇಕಿಲ್ಲ. ಪಾದ್ರಿಯಾಗುವವರ ಗುರುದೀಕ್ಷೆಯ ಉಡುಪನ್ನು ಕನ್ಯಾಸ್ತ್ರೀಯರೇ ಹೊಲಿದುಕೊಡುತ್ತಾರೆ. ಉಳಿದ ನಾಲ್ಕು, ಅಂದರೆ ಮಗುವನ್ನು ಧರ್ಮಸಭೆಗೆ ಸೇರಿಸುವ ಜ್ಞಾನಸ್ನಾನ, ಪ್ರಥಮ ಪರಮಪ್ರಸಾದ, ವಿಶ್ವಾಸವನ್ನು ಗಟ್ಟಿಗೊಳಿಸುವ ದೃಢೀಕರಣ, ವಿವಾಹ, ನನ್ನ ಅನ್ನದ ದಾರಿ. ಮದುವೆಯ ವಿಷಯವನ್ನು ಇಲ್ಲಿ ಎತ್ತುವುದಿಲ್ಲ. ರೋಸ್ (ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ), ಬ್ಯಾಂಡು, ಸಭಾಂಗಣ ಎಂದು ಬರೆಯಲು ಕೂತರೆ ನಿಮ್ಮ ಪುಟ ಸಾಲದು. ನನಗೆ ಹೇಳಬೇಕಾಗಿರುವುದು ಮಕ್ಕಳ ಮಾತು.

ಏಪ್ರಿಲ್, ಮೇ ರಜೆಯಲ್ಲಿ ನಮ್ಮ ಮಕ್ಕಳಿಗೆ ಪ್ರಥಮ ಪರಮಪ್ರಸಾದ ಕೊಡುತ್ತಾರೆ. ಇದು ತಿಳಿಯದ ಓದುಗರಿಗಾಗಿ ಎರಡು ಮಾತು: ಚರ್ಚಿನ ಪೂಜೆಯಲ್ಲಿ, ಅಂದರೆ ಬಲಿಪೂಜೆಯಲ್ಲಿ, ರೊಟ್ಟಿಯ ರೂಪದಲ್ಲಿ ಕ್ರಿಸ್ತನ ಶರೀರವನ್ನೇ ಸ್ವೀಕರಿಸುತ್ತೇವೆ ಎಂಬುದು ನಮ್ಮ ನಂಬಿಕೆ. ಹಿಂದೆ ಇದಕ್ಕಾಗಿ ಮಕ್ಕಳು ಹತ್ತು ಹನ್ನೆರಡು ವರ್ಷ ದಾಟುವವರೆಗೂ ಕಾಯಬೇಕಾಗಿತ್ತು. 1910ರಲ್ಲಿ ಹತ್ತನೆಯ ಪಯಸ್ ಪೋಪರು, ಸಾಧಾರಣ ರೊಟ್ಟಿಗೂ ಇದಕ್ಕೂ ಇರುವ ವ್ಯತ್ಯಾಸ ಮಗುವಿಗೆ ತಿಳಿದರೆ ಸಾಕು, ಸುಮಾರು ಏಳು ವರ್ಷಕ್ಕೇ ಕೊಡಬಹುದು ಎಂದು ದಾರಿ ತೆರೆದರು. ತಿಳಿವಳಿಕೆಯೊಂದೇ ಅರ್ಹತೆ. ಅದಕ್ಕಾಗಿಯೇ ವರ್ಷವಿಡೀ ಭಾನುವಾರದ ಧರ್ಮೋಪದೇಶ ತರಗತಿ ನಡೆಯುತ್ತದೆ. ಅಲ್ಲಿ ಎಲ್ಲ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂತು ಒಂದೇ ಪ್ರಾರ್ಥನೆ ಬಾಯಿಪಾಠ ಮಾಡುತ್ತಾರೆ. ಕೊನೆಯ ದಿನ ಬಂದಾಗ ನನ್ನಂಥವರು ಹೊಲಿದ ಬಟ್ಟೆ ಆ ಮಕ್ಕಳನ್ನು ಬೇರೆ ಬೇರೆ ಮಾಡಿ ನಿಲ್ಲಿಸುತ್ತದೆ.

ಕಳೆದ ಮೇ ತಿಂಗಳಲ್ಲಿ ಹೊಲಿದ ಒಂದು ಫ್ರಾಕಿಗೆ ಒಂಬತ್ತು ಮೀಟರ್ ನೆಟ್ ಹಿಡಿಯಿತು. ಒಳಗೆ ಸ್ಯಾಟಿನ್, ಅದರೊಳಗೆ ಅಸ್ತರು, ಉಬ್ಬಿ ನಿಲ್ಲಲು ಕ್ಯಾನ್‌ಕ್ಯಾನ್, ಎದೆಯ ಮೇಲೆ ಮಣಿ ಕೆಲಸ. ತೊಡುವ ಹುಡುಗಿಗೆ ಒಂಬತ್ತು ವರ್ಷ. ಬಟ್ಟೆಯನ್ನು ತಾಯಿ ರೈಲಿನಲ್ಲಿ ಮಡಗಾಂವಿಗೆ ಹೋಗಿ ತಂದಿದ್ದರು. ಕಾರವಾರದ ಪೇಟೆಯಲ್ಲಿ ಸಿಗುವ ನೆಟ್ಟು ಅವರಿಗೆ ಹಿಡಿಸಲಿಲ್ಲ. ಮೊಬೈಲಿನಲ್ಲಿ ಯಾರದೋ ಮದುಮಗಳ ಚಿತ್ರ ತೋರಿಸಿ, ಇದೇ ರೀತಿ ಬೇಕು, ಸ್ವಲ್ಪ ಚಿಕ್ಕದಾಗಿ ಅಂದರು. ಗಂಡುಮಕ್ಕಳ ಪಾಡು ಇನ್ನೊಂದು ಬಗೆ. ಮೇ ತಿಂಗಳ ಕರಾವಳಿಯ ಸೆಕೆಯಲ್ಲಿ ಮೂರು ತುಂಡಿನ ಸೂಟು, ಟೈ. ಫಾದರ್ ಪ್ರಬೋಧನೆ ಮುಗಿಸುವಷ್ಟರಲ್ಲಿ ಕಾಲರು ತೊಯ್ದು ಹೋಗಿರುತ್ತದೆ. ಬಟ್ಟೆ, ಕೂಲಿ, ತಲೆಯ ಕಿರೀಟ, ಕೈಗವಸು, ಬೂಟು, ರಿಬ್ಬನ್ ಸುತ್ತಿದ ಮೇಣದಬತ್ತಿ ಎಲ್ಲ ಸೇರಿದರೆ ಎಂಟು ಹತ್ತು ಸಾವಿರಕ್ಕೆ ಕಡಿಮೆಯಾಗುವುದಿಲ್ಲ. ಸಭಾಂಗಣ, ಊಟ, ಫೋಟೋ, ಕೇಕು ಬೇರೆ.

ಇರುವವರು ಮಾಡಿಕೊಳ್ಳಲಿ, ನಿಮಗೇನು ಎಂದು ಕೇಳುವವರಿಗೆ ಒಂದು ಸಂಗತಿ ಹೇಳಬೇಕು. ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಚರ್ಚಿಗೆ ಸೇರಿದ ಮನೆಗಳಲ್ಲಿ, ಹಳಿಯಾಳದ ಕಡೆಯಿಂದ ಕೆಲಸಕ್ಕೆಂದು ಬಂದು ನೆಲೆಸಿದ, ಆಫ್ರಿಕಾ ಮೂಲದ ಸಿದ್ದಿ ಜನಾಂಗದ ಕುಟುಂಬವೊಂದಿದೆ. ಗಂಡ ಗಾರೆ ಕೆಲಸಕ್ಕೆ, ಹೆಂಡತಿ ಮನೆಗೆಲಸಕ್ಕೆ ಹೋಗುತ್ತಾರೆ. ಅವರ ಮಗಳು ತರಗತಿ ತಪ್ಪಿಸಿದವಳಲ್ಲ. ನಮ್ಮ ನಂಬಿಕೆಗಳನ್ನು ಸಾರುವ ವಿಶ್ವಾಸಸಂಗ್ರಹವನ್ನು ತಡವರಿಸದೆ ಹೇಳುವವಳು. ಫೆಬ್ರುವರಿಯಲ್ಲಿ ಆ ತಾಯಿ ಅಂಗಡಿಗೆ ಬಂದು ಫ್ರಾಕಿಗೆ ಎಷ್ಟಾಗುತ್ತದೆ ಎಂದು ಕೇಳಿದರು. ಹೇಳಿದೆ. ತೂಗುಹಾಕಿದ್ದ ಒಂದೆರಡನ್ನು ಮುಟ್ಟಿ ನೋಡಿ, "ಹಾಗಾದರೆ ಮುಂದಿನ ವರ್ಷ ಕೊಡಿಸುತ್ತೇವೆ, ಬಾಯಿ" ಅಂದರು. ಕೂಲಿ ಬೇಡ, ನನ್ನಲ್ಲಿ ಉಳಿದ ಬಟ್ಟೆಯಿದೆ, ಹೊಲಿದುಕೊಡುತ್ತೇನೆ ಎಂದೆ. "ಪುಕ್ಕಟೆ ಉಡುಪು ಹಾಕಿಸಿ ಎಲ್ಲರ ಮುಂದೆ ನಿಲ್ಲಿಸುವುದು ಬೇಡ. ಯಾರು ಹೊಲಿದದ್ದು, ಎಷ್ಟು ಕೊಟ್ಟಿರಿ ಎಂದು ಹೆಂಗಸರು ಕೇಳುತ್ತಾರೆ" ಎಂದು ಹೇಳಿ ಹೊರಟುಹೋದರು. ಆಕೆ ಬೇಡವೆಂದದ್ದು ಸರಿಯಾಗಿಯೇ ಇತ್ತು. ಹೆಂಗಸರು ಕೇಳಿಯೇ ಕೇಳುತ್ತಾರೆ. ಚರ್ಚಿನ ಅಂಗಳದಲ್ಲಿ ಅದನ್ನು ಕೇಳುವವರೆಲ್ಲ ನನ್ನ ಗಿರಾಕಿಗಳೇ.

ಆ ವರ್ಷ ಆ ಹುಡುಗಿ ತನ್ನ ಜೊತೆಯವರೆಲ್ಲ ಪೀಠದ ಬಳಿ ಹೋಗುವುದನ್ನು ಹಿಂದಿನ ಬೆಂಚಿನಿಂದ ನೋಡಿದಳು. ಧರ್ಮಗುರುಗಳಿಗೆ ಕಾರಣ ಗೊತ್ತಿರಲಿಲ್ಲ. ಮಗುವಿಗೆ ಇನ್ನೂ ಸ್ವಲ್ಪ ತಯಾರಿ ಬೇಕು ಎಂದು ತಾಯಿ ಹೇಳಿದ್ದರಂತೆ.

ಜ್ಞಾನಸ್ನಾನದ ಕಥೆಯೂ ಇದೇ. ಮಗು ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಜ್ಞಾನಸ್ನಾನ ಕೊಡಿಸುವುದು ತಂದೆತಾಯಿಯ ಕರ್ತವ್ಯ ಎಂದು 1983ರ ಧರ್ಮಸಭೆಯ ಕಾನೂನು ಹೇಳುತ್ತದೆ. ನಮ್ಮಲ್ಲಿ ವಾರಗಳ ಲೆಕ್ಕ ಹಾಕುವವರು ಯಾರು? ಗಲ್ಫಿನಲ್ಲಿರುವ ಚಿಕ್ಕಪ್ಪನಿಗೆ ರಜೆ ಸಿಗಬೇಕು, ಸಭಾಂಗಣ ಖಾಲಿ ಇರಬೇಕು. ಬೈತಖೋಲ ಬಂದರಿನ ಟ್ರಾಲರುಗಳಲ್ಲಿ ದುಡಿಯುವವರ ಮನೆಗಳಲ್ಲಿ ಇನ್ನೊಂದು ತೊಡಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಕೈಯಲ್ಲಿ ಕಾಸಿಲ್ಲ. ಆಮೇಲೆ ಸಾಲ ತೀರಬೇಕು, ಆಮೇಲೆ ಕ್ರಿಸ್ಮಸ್. ಹೀಗೆ ಮಳೆಗಾಲದಲ್ಲಿ ಹುಟ್ಟಿದ ಮಗು ಓಡಾಡುವ ವಯಸ್ಸಿಗೆ ಬಂದು, ತಾನೇ ನಡೆದುಕೊಂಡು ಜ್ಞಾನಸ್ನಾನದ ತೊಟ್ಟಿಯ ಬಳಿ ಹೋದದ್ದನ್ನು ಕಂಡಿದ್ದೇನೆ. ಜ್ಞಾನಸ್ನಾನದ ಗೌನಿಗೆ ಅಳತೆ ಕೊಟ್ಟುಹೋದವರು ಎರಡು ಸಲ ಬಂದು ಅಳತೆ ಹೆಚ್ಚಿಸಿಕೊಂಡು ಹೋದದ್ದೂ ಇದೆ. ದರ್ಜಿಗೆ ಇದರಿಂದ ನಷ್ಟವಿಲ್ಲ, ನಗುವುದಕ್ಕೂ ಚೆನ್ನಾಗಿದೆ. ಆದರೆ ವಿಧಿಯಲ್ಲಿ ಬೇಕಾಗಿರುವುದು ನೀರು, ಎಣ್ಣೆ, ಒಂದು ಮೇಣದಬತ್ತಿ, ಒಂದು ಬಿಳಿ ವಸ್ತ್ರ. 1969ರಲ್ಲಿ ಪರಿಷ್ಕರಿಸಿದ ಮಕ್ಕಳ ಜ್ಞಾನಸ್ನಾನದ ವಿಧಿ, ಸಾಧ್ಯವಾದಷ್ಟೂ ಹೊಸದಾಗಿ ಹುಟ್ಟಿದ ಮಕ್ಕಳಿಗೆಲ್ಲ ಒಂದೇ ದಿನ, ಒಟ್ಟಿಗೆ, ಸಭೆಯ ಮುಂದೆ ಕೊಡಬೇಕು ಎಂದೇ ಹೇಳುತ್ತದೆ. ನಾವು ಅದನ್ನು ಒಂದೊಂದು ಮನೆಯ ಸಮಾರಂಭವಾಗಿ ಒಡೆದುಕೊಂಡಿದ್ದೇವೆ.

ಇಲ್ಲಿ ನಮ್ಮ ಧರ್ಮಗುರುಗಳ ಮೇಲೆ ದೂರು ಹೇಳುತ್ತಿಲ್ಲ. ಬಡವರು ಬಡತನದ ಕಾರಣಕ್ಕೆ ಸಂಸ್ಕಾರಗಳಿಂದ ವಂಚಿತರಾಗದಂತೆ ನೋಡಿಕೊಳ್ಳಬೇಕೆಂದು ಅದೇ ಕಾನೂನು ಗುರುಗಳಿಗೆ ವಿಧಿಸಿದೆ. ಚರ್ಚುಗಳಲ್ಲಿ ಸಂಸ್ಕಾರಗಳ ದರಪಟ್ಟಿ ತೂಗುಹಾಕುವುದನ್ನು ಫ್ರಾನ್ಸಿಸ್ ಪೋಪರು 2014ರಲ್ಲಿ ಬಹಿರಂಗವಾಗಿಯೇ ಖಂಡಿಸಿದರು. ನಾನು ಕಂಡ ಫಾದರುಗಳು ಯಾರೂ ಕೈಚಾಚಿ ಇಷ್ಟು ಕೊಡಿ ಎಂದವರಲ್ಲ. ಲಕೋಟೆಯಲ್ಲಿ ಏನಿಟ್ಟರೂ ಸರಿ, ಇಡದಿದ್ದರೂ ಸರಿ. ದರಪಟ್ಟಿ ಬರೆದಿರುವವರು ನಾವು, ಬೆಂಚಿನಲ್ಲಿ ಕೂರುವವರು. ಅದನ್ನು ಗೋಡೆಗೆ ಅಂಟಿಸದ ಕಾರಣ ಯಾರಿಗೂ ಅಳಿಸಲು ಬರುವುದಿಲ್ಲ.

ಸಮಾಜಸೇವೆಯಲ್ಲಿ ನಮ್ಮ ಧರ್ಮಕೇಂದ್ರ ಹಿಂದೆ ಬಿದ್ದಿಲ್ಲ. ಸೇಂಟ್ ವಿನ್ಸೆಂಟ್ ದೆ ಪಾಲ್ ಸಭೆಯವರು ಇದ್ದಾರೆ. 1833ರಲ್ಲಿ ಪ್ಯಾರಿಸಿನಲ್ಲಿ ಕಾಲೇಜು ಹುಡುಗರು ಶುರುಮಾಡಿದ ಸಭೆ ಅದು. ಬಡವರನ್ನು ಕಚೇರಿಗೆ ಕರೆಸದೆ ಸದಸ್ಯರೇ ಮನೆಗೆ ಹೋಗುವುದು ಅವರ ಪದ್ಧತಿ. ಇಲ್ಲಿಯೂ ಇಬ್ಬಿಬ್ಬರಾಗಿ ಹೋಗುತ್ತಾರೆ. ಅಕ್ಕಿ, ಔಷಧಿ, ಶಾಲೆ ತೆರೆಯುವ ಹೊತ್ತಿಗೆ ನೋಟುಪುಸ್ತಕ, ಜಾತಿ ಮತ ಕೇಳದೆ ಕೊಡುತ್ತಾರೆ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮಕ್ಕಳೂ ಡಬ್ಬಿಯಲ್ಲಿ ಚಿಲ್ಲರೆ ಕೂಡಿಡುತ್ತಾರೆ. ಇದೆಲ್ಲ ಒಳ್ಳೆಯದೇ. ಆದರೆ ವಾರದ ನಡುವೆ ಅಕ್ಕಿ ಪಡೆದ ಮನೆಯವರು ಭಾನುವಾರ ಎಲ್ಲಿ ಕೂರುತ್ತಾರೆ ಎಂದು ಗಮನಿಸಿ. ಬಾಗಿಲ ಪಕ್ಕದ ಬೆಂಚು. ಕೊನೆಯ ಆಶೀರ್ವಾದ ಆಗುತ್ತಿದ್ದಂತೆ ಎದ್ದು ಹೊರಡುತ್ತಾರೆ. ಅಂಗಳದ ಮಾತುಕತೆಗೆ, ಫೋಟೋಕ್ಕೆ ನಿಲ್ಲುವುದಿಲ್ಲ. ಅಕ್ಕಿ ಮುಟ್ಟಿಸಲು ಇಬ್ಬರನ್ನು ಕಳುಹಿಸುವ ಧರ್ಮಕೇಂದ್ರ, ಪರಮಪ್ರಸಾದ ಯಾರಿಗೆ ಮುಟ್ಟಲಿಲ್ಲ ಎಂದು ವಿಚಾರಿಸಲು ಒಬ್ಬರನ್ನಾದರೂ ಕಳುಹಿಸಬೇಡವೇ? ನನ್ನ ಮಟ್ಟಿಗೆ ಸೇವೆಯ ಮೊದಲ ಪಟ್ಟಿ ಅದೇ ಆಗಬೇಕು.

ಹಾಗಾಗಿ ನನ್ನದೊಂದು ಸಲಹೆ. ಪ್ರಥಮ ಪರಮಪ್ರಸಾದಕ್ಕೆ ಎಲ್ಲ ಮಕ್ಕಳಿಗೂ, ಹುಡುಗ ಹುಡುಗಿ ಭೇದವಿಲ್ಲದೆ, ಪೂಜೆಯಲ್ಲಿ ಗುರುಗಳಿಗೆ ನೆರವಾಗುವ ಪೀಠಸೇವಕರು ಹಾಕುವಂಥ ಒಂದೇ ಬಗೆಯ ಬಿಳಿ ನಿಲುವಂಗಿ ಇರಲಿ. ಅನೇಕ ಕಡೆ ಇದು ಆಗಲೇ ರೂಢಿಯಲ್ಲಿದೆ, ನಾನು ಕಂಡುಹಿಡಿದದ್ದಲ್ಲ. ಹತ್ತಿಯ ಪಾಪ್ಲಿನ್ ಆದರೆ ಸೆಕೆಗೂ ಆಗುತ್ತದೆ, ಒಗೆಯಲೂ ಸುಲಭ. ಒಂದಕ್ಕೆ ಎರಡೂವರೆ ಮೀಟರ್ ಧಾರಾಳ. ಚಿಕ್ಕದು, ನಡುವಿನದು, ದೊಡ್ಡದು ಎಂದು ಮೂರು ಅಳತೆ ಸಾಕು. ಅಂಚನ್ನು ಅಗಲವಾಗಿ ಮಡಚಿ ಬಿಟ್ಟರೆ ಉದ್ದದ ಮಗುವಿಗೆ ಬಿಚ್ಚಿಕೊಡಬಹುದು. ನಿಲುವಂಗಿಗಳು ಧರ್ಮಕೇಂದ್ರದ ಸ್ವತ್ತಾಗಿರಲಿ. ಪೂಜಾವಸ್ತ್ರಗಳ ಕೋಣೆಯ ಕಪಾಟಿನಲ್ಲಿಟ್ಟು, ಪ್ರತಿ ವರ್ಷ ಕೊಟ್ಟು, ಒಗೆಸಿ ಇಸ್ತ್ರಿ ಮಾಡಿಸಿ ಹಿಂದಕ್ಕೆ ಪಡೆದರಾಯಿತು. ಬಟ್ಟೆಯ ಹಣವನ್ನು ಧರ್ಮಕೇಂದ್ರ ಕೊಡಲಿ. ಹೊಲಿಗೆಗೆ ನನಗೆ ಕೂಲಿ ಬೇಡ. ಇದರಲ್ಲಿ ದಾನ ಪಡೆದವರು, ಕೊಟ್ಟವರು ಎಂಬುದೇ ಉಳಿಯುವುದಿಲ್ಲ. ವೈದ್ಯರ ಮಗಳೂ ಅದನ್ನೇ ತೊಡುತ್ತಾಳೆ, ಗಾರೆಯವನ ಮಗಳೂ ಅದನ್ನೇ.

ಇದನ್ನು ಪರಿಚಯದವರಲ್ಲಿ ಹೇಳಿದಾಗ ಬಂದ ಆಕ್ಷೇಪಗಳು ಕಡಿಮೆಯೇನಲ್ಲ. ಮಕ್ಕಳಿಗೆ ಆಸೆಯಿರುತ್ತದೆ ಎಂದರು. ಒಂಬತ್ತು ಮೀಟರ್ ನೆಟ್ಟಿನ ಆಸೆ ಮಗುವಿಗೆ ಇರುವುದಿಲ್ಲ, ಅದು ತಾಯಿಯದು. ಅಳತೆ ಕೊಡುವಾಗ ಮಗು ಚುಚ್ಚುತ್ತದೆ ಎಂದು ಅಳುತ್ತಿರುತ್ತದೆ. ನಮ್ಮ ದುಡ್ಡು, ನಮ್ಮ ಇಷ್ಟ ಎಂದರು ಇನ್ನೊಬ್ಬರು. ಮನೆಯ ಊಟಕ್ಕೆ, ಹುಟ್ಟುಹಬ್ಬಕ್ಕೆ ಆ ಮಾತು ಒಪ್ಪಬಹುದು. ಪೀಠದ ಮುಂದೆ ಒಪ್ಪುವುದು ಕಷ್ಟ. ಮೂರನೆಯವರು ನನ್ನ ಕಸುಬಿನವರೇ: "ನಮ್ಮ ಹೊಟ್ಟೆಯ ಮೇಲೆ ಯಾಕೆ ಹೊಡೆಯುತ್ತೀಯೆ?" ಅವರಿಗೆ ಉತ್ತರ ಹೇಳುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಆ ಎರಡು ತಿಂಗಳ ಗಳಿಕೆಯಲ್ಲೇ ನಾವು ಮಳೆಗಾಲ ದಾಟಿಸುತ್ತೇವೆ. ಆದರೂ ಜೂನಿನಲ್ಲಿ ಶಾಲೆಯ ಸಮವಸ್ತ್ರವಿದೆ, ಚೌತಿಗೆ ರವಿಕೆಗಳ ರಾಶಿ ಬೀಳುತ್ತದೆ. ಒಂದು ಕೆಲಸ ಹೋದರೆ ಇನ್ನೊಂದನ್ನು ಹುಡುಕಿಕೊಳ್ಳಬಹುದು.

ಇನ್ನೊಂದು ಮಾತು, ಚಿಕ್ಕದು. ನಮ್ಮ ಊರಿನ ಸಂತೆ ಭಾನುವಾರ. ಸಂತೆಯಲ್ಲಿ ಕೂರುವವರು, ಹೋಟೆಲಿನಲ್ಲಿ ದುಡಿಯುವವರು ಬೆಳಗಿನ ಪೂಜೆಗೆ ಬರಲಾರರು. ಶನಿವಾರ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ತೀರುತ್ತದೆ ಎಂಬುದು ಅವರಲ್ಲಿ ಹಲವರಿಗೆ ಗೊತ್ತೇ ಇಲ್ಲ. ಸಂಜೆಯ ಪೂಜೆ ಇರುವ ಚರ್ಚುಗಳು ಅದರ ವೇಳೆಯನ್ನು ಗೇಟಿನ ಹೊರಗೆ, ಕನ್ನಡದಲ್ಲಿ, ದಾರಿಹೋಕರಿಗೆ ಕಾಣುವಂತೆ ಬರೆಸಿದರೆ ಉಪಕಾರವಾಗುತ್ತದೆ. ಒಳಗಿನ ಫಲಕ ಓದುವವರು ಈಗಾಗಲೇ ಒಳಗೆ ಬಂದವರು ತಾನೇ.

1976ರಲ್ಲಿ ಬೆಳಗಾವಿಯಿಂದ ಬೇರೆಯಾಗಿ ಕಾರವಾರ ಧರ್ಮಪ್ರಾಂತ್ಯ (ಬಿಷಪರೊಬ್ಬರ ಆಡಳಿತದ ಪ್ರದೇಶ) ಆದ ಕಾಲದಲ್ಲಿ ನಮ್ಮ ಕೇರಿಯ ಹುಡುಗಿಯರೆಲ್ಲ ಒಂದೇ ಫ್ರಾಕಿನಲ್ಲಿ ಪ್ರಥಮ ಪರಮಪ್ರಸಾದ ಪಡೆದವರು ಎಂದು ಅಮ್ಮ ಹೇಳುತ್ತಿದ್ದರು. ಅದು ಮನೆಯಿಂದ ಮನೆಗೆ ತಿರುಗುತ್ತಿತ್ತು; ಸೊಂಟಕ್ಕೆ ಪಿನ್ನು ಹಾಕಿದರೆ ತೆಳ್ಳಗಿನವರಿಗೆ, ತೆಗೆದರೆ ದಪ್ಪಗಿನವರಿಗೆ. ಆಗ ಬಡತನ ಎಲ್ಲರದೂ ಆಗಿದ್ದರಿಂದ ಯಾರಿಗೂ ಅವಮಾನವೆನಿಸಲಿಲ್ಲ. ಈಗ ಕೆಲವರಿಗೆ ಮಾತ್ರ ಉಳಿದಿರುವುದರಿಂದ ನಿಯಮ ಬೇಕಾಗಿದೆ. ಧರ್ಮಕೇಂದ್ರದ ಪಾಲನಾ ಸಮಿತಿ ಇದನ್ನು ಒಂದು ಸಲ ಚರ್ಚೆಗೆ ತೆಗೆದುಕೊಳ್ಳಲಿ. ಐಚ್ಛಿಕ ಎಂದು ಮಾತ್ರ ತೀರ್ಮಾನಿಸುವುದು ಬೇಡ. ಐಚ್ಛಿಕವಾದರೆ ನಿಲುವಂಗಿ ತೊಟ್ಟವರು ಬಡವರ ಮಕ್ಕಳು ಎಂದು ದೂರದಿಂದಲೇ ಗುರುತು ಹಿಡಿಯಬಹುದು.

ಸಂಪಾದಕರೆ, ಪತ್ರವನ್ನು ಪ್ರಕಟಿಸುವುದಾದರೆ ದಯವಿಟ್ಟು ಈಸ್ಟರ್‌ಗೆ ಮೊದಲೇ ಪ್ರಕಟಿಸಿ. ಈಸ್ಟರ್ ಕಳೆದ ಮರುದಿನವೇ ಮಡಗಾಂವಿನ ರೈಲು ಹತ್ತುವವರಿದ್ದಾರೆ. ಒಮ್ಮೆ ಬಟ್ಟೆ ಕತ್ತರಿಸಿದ ಮೇಲೆ ಯಾರೂ ನನ್ನ ಮಾತು ಕೇಳುವುದಿಲ್ಲ.

— ಒಬ್ಬ ಹೊಲಿಗೆಯವಳು, ಕಾರವಾರ
(ಗಿರಾಕಿಗಳ ಮುಖ ನೋಡಬೇಕಾಗಿರುವುದರಿಂದ ಹೆಸರು ಬೇಡ.)