ಹಾಜಬ್ಬರ ಹುರುಪಿಗೆ ಉಪನ್ಯಾಸ ಬೇಕಿರಲಿಲ್ಲ

ಮಾನ್ಯ ಸಂಪಾದಕರೇ,

ನೌಕರರಲ್ಲಿ ಹುರುಪು ತುಂಬಲೆಂದು ಭಾಷಣಕಾರರನ್ನು ಕರೆಸುವ ಪರಿಪಾಟ ಕಚೇರಿಗಳಲ್ಲಿ ಹೆಚ್ಚುತ್ತಿದೆ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರಿಗೆ ಅದ್ಯಾವುದೂ ಬೇಕಾಗಿರಲಿಲ್ಲ. ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದೆ ಪಟ್ಟ ಸಂಕೋಚವೇ, ತಮ್ಮೂರು ನ್ಯೂಪಡ್ಪುವಿನ ಮಕ್ಕಳಿಗೊಂದು ಶಾಲೆ ಬೇಕೆಂಬ ಹಟವಾಗಿ ಬೆಳೆಯಿತು. ಶಾಲೆಯ ಮೆಟ್ಟಿಲು ಹತ್ತದ ಅವರು ಕಿತ್ತಳೆ ಮಾರಿ ಉಳಿಸಿದ ಹಣವನ್ನು ಅದಕ್ಕೇ ಸುರಿದರು, ಕಚೇರಿಯಿಂದ ಕಚೇರಿಗೆ ಅಲೆದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಅವರ ಕಸುಬು ಬದಲಾಗಲಿಲ್ಲ, ದುಡಿಮೆ ಯಾರಿಗಾಗಿ ಎಂಬುದಷ್ಟೇ ಬದಲಾಯಿತು.

ಆದರೆ ಈ ನಿದರ್ಶನ ತೋರಿಸಿ ಸಂಬಳದ ಮಾತನ್ನೇ ಮರೆಸುವ ಜಾಣರೂ ಇದ್ದಾರೆ. ಗೌರವಧನ ತಿಂಗಳುಗಟ್ಟಲೆ ತಡವಾಗಿ ಕೈಸೇರುವ ಅತಿಥಿ ಶಿಕ್ಷಕರಿಗೆ ಸೇವಾ ಮನೋಭಾವದ ಉಪನ್ಯಾಸ ಏರ್ಪಡಿಸುವ ಬದಲು, ಸರ್ಕಾರ ಮೊದಲು ಆ ಹಣವನ್ನು ಸಕಾಲಕ್ಕೆ ಬಿಡುಗಡೆ ಮಾಡಲಿ.

– ಓರ್ವ ಓದುಗ, ಮಂಗಳೂರು