ಗೆಳೆಯನಿಗೊಂದು ಪತ್ರ: ಡಿಗ್ರಿ ತೋರಿಸುವ ಗಡಿಯಾರ

ಪ್ರೀತಿಯ ಗೆಳೆಯಾ,

ಲಾಂಜಿನ್ಸ್ ಕಂಪನಿಯ ಲಿಂಡ್‌ಬರ್ಗ್ ಅವರ್ ಆಂಗಲ್ ವಾಚಿನ ಫೋಟೋ ಕಳಿಸಿ, ಡಯಲ್ ಮೇಲೆ 180ರವರೆಗೆ ಅಂಕಿ ಯಾಕಿದೆ, ಸುತ್ತಲಿನ ಬಳೆ, ಅಂದರೆ ಬೆಜೆಲ್, ಯಾಕೆ ತಿರುಗುತ್ತದೆ, ನಡುವಿನ ಪುಟ್ಟ ತಟ್ಟೆ ಯಾಕೆ ತಿರುಗುತ್ತದೆ ಎಂದು ಕೇಳಿದ್ದೀಯ. ಈ ಮೂರಕ್ಕೂ ಉತ್ತರ ಒಂದೇ ಲೆಕ್ಕದಲ್ಲಿದೆ: ಸೂರ್ಯ ಗ್ರೀನಿಚ್ ದಾಟಿ ಪಶ್ಚಿಮಕ್ಕೆ ಎಷ್ಟು ಡಿಗ್ರಿ ಸರಿದಿದ್ದಾನೆ ಎಂಬುದು. ಅದೇ ಅವರ್ ಆಂಗಲ್; ಪೂರ್ವ ಪಶ್ಚಿಮವಾಗಿ ತಾನೆಲ್ಲಿದ್ದೇನೆ ಎಂದು ತಿಳಿಯಲು ವಿಮಾನ ಚಾಲಕನಿಗೆ ಅದು ಬೇಕು.

ಪಂಚಾಂಗ ನೋಡುವವನಿಗೆ ಇದು ಹೊಸದಲ್ಲ. ಸೂರ್ಯನ ಒಂದು ಸುತ್ತು 360 ಡಿಗ್ರಿ, ದಿನಕ್ಕೆ 60 ಗಳಿಗೆ, ಅಂದರೆ ಗಳಿಗೆಗೆ 6 ಡಿಗ್ರಿ. ಅದನ್ನೇ ಗಂಟೆಗೆ ಹಾಕಿದರೆ 15 ಡಿಗ್ರಿ. 4 ನಿಮಿಷಕ್ಕೆ 1 ಡಿಗ್ರಿ, 4 ಸೆಕೆಂಡಿಗೆ ಡಿಗ್ರಿಯ ಅರವತ್ತನೇ ಒಂದು ಪಾಲು, ಅಂದರೆ 1 ಕಲೆ. ಸಮಭಾಜಕದ ಮೇಲೆ ಆ ಒಂದು ಕಲೆ ಹೆಚ್ಚುಕಡಿಮೆ ಒಂದು ನಾಟಿಕಲ್ ಮೈಲಿ, 1.852 ಕಿಲೋಮೀಟರ್. ಗಡಿಯಾರ ಒಂದು ನಿಮಿಷ ತಪ್ಪಿದರೆ ನಕ್ಷೆಯ ಮೇಲೆ ನೀನು 15 ಮೈಲಿ ಆಚೆ ಇರುತ್ತೀಯ.

ಹಡಗಿನಲ್ಲಿ ಈ ಲೆಕ್ಕವನ್ನು ಕಾಗದದ ಮೇಲೆ ನಿಧಾನವಾಗಿ ಮಾಡಬಹುದಿತ್ತು. ಗಂಟೆಗೆ 100 ನಾಟಿಕಲ್ ಮೈಲಿ ಓಡುವ ವಿಮಾನದಲ್ಲಿ 20 ನಿಮಿಷ ಕೂಡಿ ಕಳೆಯುತ್ತ ಕೂತರೆ, ಉತ್ತರ ಸಿಗುವಾಗ ವಿಮಾನ 33 ಮೈಲಿ ಮುಂದೆ ಹೋಗಿರುತ್ತದೆ. ವಾಚಿಗೆ ಹೆಸರು ಕೊಟ್ಟ ವಿಮಾನ ಚಾಲಕ ಲಿಂಡ್‌ಬರ್ಗ್ 1927ರಲ್ಲಿ ಅಟ್ಲಾಂಟಿಕ್ ದಾಟಿದ್ದು ದಿಕ್ಸೂಚಿ ಮತ್ತು ಅಂದಾಜಿನ ಲೆಕ್ಕದಿಂದ; ಸೂರ್ಯ, ನಕ್ಷತ್ರಗಳ ಎತ್ತರ ಅಳೆಯುವ ಸೆಕ್ಸ್‌ಟೆಂಟ್ ಇರಲಿಲ್ಲ. ಮರುವರ್ಷ ಹವಾನಾದಿಂದ ರಾತ್ರಿ ಹಾರುವಾಗ ದಿಕ್ಸೂಚಿಗಳು ಕೈಕೊಟ್ಟು ದಾರಿ ತಪ್ಪಿತು. ಆ ವರ್ಷವೇ ಅವರು ಅಮೆರಿಕದ ನೌಕಾಪಡೆಯ ಫಿಲಿಪ್ ವ್ಯಾನ್ ಹಾರ್ನ್ ವೀಮ್ಸ್ ಹತ್ತಿರ ಆಕಾಶ ನೋಡಿ ದಾರಿ ಹಿಡಿಯುವುದನ್ನು ಕಲಿತರು. ಸೆಕೆಂಡಿನ ತಟ್ಟೆ ತಿರುಗಿಸುವ ಉಪಾಯ ವೀಮ್ಸ್ ಅವರದು, ಡಿಗ್ರಿಯ ಅಂಕಿ ಲಿಂಡ್‌ಬರ್ಗ್ ಅವರದು. ಎರಡೂ ಕೂಡಿದ ವಾಚು ಬಂದದ್ದು 1931ರ ಹೊತ್ತಿಗೆ. 47.5 ಮಿಲಿಮೀಟರ್ ಅಗಲ. ಕೈಗವಸು ಹಾಕಿಕೊಂಡೇ ತಿರುಗಿಸಲು ದಪ್ಪ ಕ್ರೌನ್, ಅಂದರೆ ಕೀ ಕೊಡುವ ಗುಂಡಿ.

ಈಗ ಓದುವುದು. ವಾಚು ಗ್ರೀನಿಚ್ ಸಮಯದಲ್ಲಿರಬೇಕು, ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆ. ಗ್ರೀನಿಚ್‌ನಲ್ಲಿ ಮಧ್ಯಾಹ್ನ 4 ಗಂಟೆ 37 ನಿಮಿಷ 12 ಸೆಕೆಂಡ್ ಎಂದಿಟ್ಟುಕೋ. ಗಂಟೆ ಮುಳ್ಳು 4 ದಾಟಿದೆ, ಡಯಲ್ ಮೇಲೆ 60 ಡಿಗ್ರಿ. ನಿಮಿಷದ ಮುಳ್ಳಿನ ಎದುರು ಬೆಜೆಲ್ ಮೇಲೆ 9 ಡಿಗ್ರಿ 15 ಕಲೆ. ಸೆಕೆಂಡ್ ಮುಳ್ಳಿನ ಕೆಳಗೆ ನಡುತಟ್ಟೆಯಲ್ಲಿ 3 ಕಲೆ. ಕೂಡಿದರೆ 69 ಡಿಗ್ರಿ 18 ಕಲೆ; ಸೂರ್ಯ ಗ್ರೀನಿಚ್‌ನಿಂದ ಪಶ್ಚಿಮಕ್ಕೆ ಅಷ್ಟು ಸರಿದಿದ್ದಾನೆ. ಬೆಳಗಿನ ಹೊತ್ತಾಗಿದ್ದರೆ ಇದಕ್ಕೆ 180 ಸೇರಿಸಬೇಕು. 12 ಗಂಟೆಯ ಡಯಲ್ ಆದ್ದರಿಂದ ಹಗಲೋ ರಾತ್ರಿಯೋ ಎಂಬುದನ್ನು ಅದು ಹೇಳುವುದಿಲ್ಲ.

ಇದು ಸರಾಸರಿ ಸೂರ್ಯನ, ಅಂದರೆ ವರ್ಷವಿಡೀ ಒಂದೇ ವೇಗದಲ್ಲಿ ಓಡುತ್ತಾನೆಂದು ಗಡಿಯಾರ ಹಿಡಿಯುವ ಸೂರ್ಯನ, ಲೆಕ್ಕ. ಕಣ್ಣಿಗೆ ಕಾಣುವ ಸೂರ್ಯ ನವೆಂಬರ್ ಮೊದಲ ವಾರದಲ್ಲಿ 16 ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಮುಂದಿರುತ್ತಾನೆ, ಫೆಬ್ರವರಿ ನಡುವೆ 14 ನಿಮಿಷ ಹಿಂದಿರುತ್ತಾನೆ. ಬೆಜೆಲ್ ತಿರುಗುವುದು ಇದಕ್ಕಾಗಿಯೇ. ನವೆಂಬರಿನಲ್ಲಿ ಅದನ್ನು ಎಡಕ್ಕೆ 16 ನಿಮಿಷದಷ್ಟು ಸರಿಸಿದರೆ ನಿಮಿಷದ ಮುಳ್ಳು 4 ಡಿಗ್ರಿ ಹೆಚ್ಚು ತೋರಿಸುತ್ತದೆ, ಉಳಿದ ಸೆಕೆಂಡುಗಳನ್ನು ನಡುತಟ್ಟೆಗೆ ಕೊಡಬಹುದು. ಎಚ್ಚರ ಇರಬೇಕಾದದ್ದು ಇಲ್ಲೇ. 4 ಗಂಟೆ 50 ನಿಮಿಷಕ್ಕೆ ಓದಿದರೆ, 50ಕ್ಕೆ 16 ಸೇರಿ ಮುಳ್ಳು ಬೆಜೆಲ್‌ನ ಸೊನ್ನೆಯನ್ನು ದಾಟಿಬಿಟ್ಟಿರುತ್ತದೆ. ಬೆಜೆಲ್ ಒಂದೂವರೆ ಡಿಗ್ರಿ ಎನ್ನುತ್ತದೆ, ಗಂಟೆ ಮುಳ್ಳು ಇನ್ನೂ 60ರ ಮನೆಯಲ್ಲೇ ಇದೆ. 75 ಎಂದು ಹಿಡಿಯದಿದ್ದರೆ 15 ಡಿಗ್ರಿ ತಪ್ಪು, ಸಮಭಾಜಕದ ಮೇಲೆ 900 ಮೈಲಿ. ನಿದ್ದೆಗೆಟ್ಟ, ಚಳಿಯಲ್ಲಿ ನಡುಗುವ ಮನುಷ್ಯ ಈ ತಪ್ಪು ಮಾಡುವುದು ಬಹಳ ಸುಲಭ.

ನಡುತಟ್ಟೆಯ ಮುಖ್ಯ ಕೆಲಸ, ಸರಿಯಾದ ಸಮಯ ಹೇಳಲು ರೇಡಿಯೋದಲ್ಲಿ ಬರುವ ಪೀಪ್ ಪೀಪ್ ಸಂಕೇತಕ್ಕೆ ಹೊಂದಿಸುವುದು. ವಾಚು ನಿಲ್ಲಿಸಬೇಕಿಲ್ಲ. ಕೊನೆಯ ಪೀಪ್ ಕೇಳಿದಾಗ ಸೆಕೆಂಡ್ ಮುಳ್ಳು 23ರ ಮೇಲಿದ್ದರೆ, ತಟ್ಟೆಯ 60ನ್ನು ಆ ಜಾಗಕ್ಕೆ ತಂದರೆ ಆಯಿತು. ಆದರೆ ನಿಮಿಷದ ಮುಳ್ಳನ್ನೂ ಅದಕ್ಕೆ ಸರಿಪಡಿಸು. ಸೆಕೆಂಡ್ ಸೊನ್ನೆಗೆ ಬಂದಾಗ ಅದು ಎರಡು ಗೆರೆಗಳ ಮಧ್ಯೆ ನಿಂತಿದ್ದರೆ 37ನೇ ನಿಮಿಷವೋ 38ನೆಯದೋ ತಿಳಿಯುವುದಿಲ್ಲ. ಇನ್ನೊಂದು ಮಾತು: ಡಿಜಿಟಲ್ ಪ್ರಸಾರದ ಪೀಪ್ ನಂಬಬೇಡ, ಅದು ತಡವಾಗಿ ಬರುತ್ತದೆ. ಜಿಪಿಎಸ್ ಉಪಕರಣ ತೋರಿಸುವ ಗ್ರೀನಿಚ್ ಸಮಯ ಹಿಡಿ.

ವಿಮಾನದಲ್ಲಿ ಗುಳ್ಳೆಯ ಸೆಕ್ಸ್‌ಟೆಂಟಿನಿಂದ (ದಿಗಂತದ ಬದಲು ಗಾಳಿಗುಳ್ಳೆ ನೋಡಿ ಮಟ್ಟ ಹಿಡಿಯುವಂಥದ್ದು) ಅಳೆದರೆ ಹೇಗೂ ಕೆಲವು ಮೈಲಿ ತಪ್ಪುತ್ತದೆ, ಮತ್ತೆ ಸೆಕೆಂಡಿಗೆ ಯಾಕಿಷ್ಟು ಒದ್ದಾಟ ಎಂದು ನೀನು ಕೇಳಬಹುದು. ಗುಳ್ಳೆಯ ತಪ್ಪು ಒಮ್ಮೆ ಅತ್ತ, ಒಮ್ಮೆ ಇತ್ತ. ಹಲವು ಸಲ ಅಳೆದು ಸರಾಸರಿ ತೆಗೆದರೆ ಬಹಳಷ್ಟು ಕರಗುತ್ತದೆ. ಗಡಿಯಾರದ ತಪ್ಪು ಒಂದೇ ಕಡೆಗೆ, ಎಷ್ಟು ಸಲ ಅಳೆದರೂ ಹೋಗುವುದಿಲ್ಲ.

ನಕ್ಷತ್ರಕ್ಕೆ ಈ ವಾಚು ನೇರವಾಗಿ ಆಗದು. ನಕ್ಷತ್ರದ ದಿನ ಸುಮಾರು 3 ನಿಮಿಷ 56 ಸೆಕೆಂಡ್ ಚಿಕ್ಕದು.

ಕೊಳ್ಳುವ ಆಸೆ ಇದ್ದರೆ ನನ್ನ ಸಲಹೆ ಬೇರೆಯೇ. ಹ್ಯಾಮಿಲ್ಟನ್ 4992ಬಿ ನೋಡು. ಎರಡನೇ ಮಹಾಯುದ್ಧದ ಕಾಲದ ಜೇಬುಗಡಿಯಾರದ ಗಾತ್ರದ್ದು, ಸವೆತ ತಡೆಯುವ 22 ಜ್ಯೂವೆಲ್ (ಹರಳು), ಕಪ್ಪು ಡಯಲ್, 24 ಗಂಟೆ. ಅಷ್ಟರಲ್ಲಿ ಏರ್ ಅಲ್ಮನ್ಯಾಕ್ ಎಂಬ ವಿಮಾನದವರ ಪಂಚಾಂಗ ಬಂದು, ಪ್ರತಿ 10 ನಿಮಿಷಕ್ಕೊಮ್ಮೆ ಸೂರ್ಯ ಎಷ್ಟು ಡಿಗ್ರಿಯಲ್ಲಿದ್ದಾನೆ ಎಂದು ಅಚ್ಚಾಗಿ ಸಿಗುತ್ತಿತ್ತು. ಡಯಲ್ ಮೇಲೆ ಡಿಗ್ರಿ ಹೊರುವ ಅಗತ್ಯ ಹೋಯಿತು. ಹಗಲು ರಾತ್ರಿಯ ಗೊಂದಲವೂ ಇಲ್ಲ. ಕ್ರೌನ್ ಎಳೆದರೆ ವಾಚಿನ ಓಟ ನಡೆಸುವ ಬ್ಯಾಲೆನ್ಸ್ ಚಕ್ರ ನಿಲ್ಲುತ್ತದೆ: ಸೆಕೆಂಡ್ ಮುಳ್ಳು 60ಕ್ಕೆ ಬಂದಾಗ ಎಳೆ, ನಿಮಿಷದ ಮುಳ್ಳನ್ನು ಗೆರೆಯ ಮೇಲೇ ಕೂರಿಸು, ಸರಿಯಾದ ಸೆಕೆಂಡಿಗೆ ಒಳಕ್ಕೆ ಒತ್ತು.

ಕೊಂಡ ಮೇಲೆ ದಿನಾ ಒಂದೇ ಹೊತ್ತಿಗೆ ಕೀ ಕೊಡು. ಸ್ಪ್ರಿಂಗಿನ ಬಿಗಿ ಬದಲಾದರೆ ಓಟ ಬದಲಾಗುತ್ತದೆ. ದಿನಕ್ಕೆ 5 ಸೆಕೆಂಡ್ ಮುಂದೆ ಓಡುವ ವಾಚು ಕೆಟ್ಟದ್ದಲ್ಲ, ದಿನಾ 5 ಆಗಿದ್ದರೆ. ಮೂರು ದಿನಕ್ಕೆ 15 ಕಳೆದರೆ ಸಾಕು. ಇವತ್ತು 2 ಮುಂದೆ, ನಾಳೆ 3 ಹಿಂದೆ ಎನ್ನುವುದು ಪ್ರಯೋಜನವಿಲ್ಲ. ಎಣ್ಣೆ ಒಣಗಿರಬಹುದು, ಸರ್ವೀಸ್ ಮಾಡಿಸು. ಇದ್ದಕ್ಕಿದ್ದಂತೆ ವಿಪರೀತ ಮುಂದೆ ಓಡತೊಡಗಿದರೆ ಮೊದಲು ಅಯಸ್ಕಾಂತ ಸೋಕಿದೆಯೇ ನೋಡು, ಸ್ಪೀಕರ್ ಪಕ್ಕ ಇಡಬೇಡ.

ಆ ಕಾಲದ ವಾಚುಗಳಲ್ಲಿ ಹೊಳೆಯುವ ಬಣ್ಣ ಇದ್ದರೆ ಅದು ಬಹುತೇಕ ರೇಡಿಯಂ. ಹೊಳಪು ಸತ್ತರೂ ವಿಕಿರಣ ಸತ್ತಿಲ್ಲ. ಅರ್ಧ ತಗ್ಗಲು 1600 ವರ್ಷ ಬೇಕು. ಗಾಜು ತೆಗೆಯಬೇಡ, ಆ ಬಣ್ಣ ಕೆರೆಯಲೇಬೇಡ, ಮಕ್ಕಳ ಕೈಗೆ ಕೊಡಬೇಡ.

ಕೊಂಡ ವಾಚು ದಿನಕ್ಕೆ ಎಷ್ಟು ಸೆಕೆಂಡ್ ಮುಂದೆ ಹಿಂದೆ ಓಡುತ್ತದೆ ಎಂದು ಹತ್ತು ದಿನದ ಪಟ್ಟಿ ಬರೆದು ಕಳಿಸು. ಡಯಲ್ ಮೇಲ್ಮುಖವಾಗಿಟ್ಟಾಗ ಎಷ್ಟು, ಕ್ರೌನ್ ಮೇಲಾಗಿ ನಿಲ್ಲಿಸಿದಾಗ ಎಷ್ಟು, ಬೇರೆ ಬೇರೆ ಬರೆದಿರಲಿ.

ನಿನ್ನ ಗೆಳೆಯ