ಹಳೇ ದೋಣಿಗೆ ನೀರು ತುಂಬಿಸಿ ನೋಡಿದೆ

ಪ್ರೀತಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನು "ದೋಣಿ ಕಥೆ ಏನಾಯ್ತೋ?" ಅಂತ ಕೇಳಿದಾಗ ಇನ್ನೂ ಯಾವುದೂ ತೀರ್ಮಾನ ಆಗಿರಲಿಲ್ಲ. ಈಗ ಆಗಿದೆ. ಮನೆ ಮುಂದೆ ನಿಂತಿದೆ.

ಅಮೆರಿಕದ ಈ ಮಿನೆಸೋಟ ರಾಜ್ಯದಲ್ಲಿ ಹತ್ತು ಎಕರೆ ಮೀರಿದ ಕೆರೆಗಳೇ 11,842 ಇವೆ. ಬೇಸಿಗೆ ಬಂತೆಂದರೆ ಅಕ್ಕಪಕ್ಕದವರೆಲ್ಲ ಕಾರಿನ ಹಿಂದೆ ದೋಣಿ ಕಟ್ಟಿಕೊಂಡು ಹೊರಡುತ್ತಾರೆ. ಮಕ್ಕಳು ಕಿಟಕಿಯಲ್ಲಿ ನಿಂತು ನೋಡುತ್ತವೆ. ಹೊಸದಕ್ಕೆ ಕೈ ಹಾಕುವ ಧೈರ್ಯ ನನಗಿಲ್ಲ. ಹಳೆಯವು ಎರಡು ಸಿಕ್ಕವು, ಎರಡೂ ಅಲ್ಯೂಮಿನಿಯಂ.

ಮೊದಲನೆಯದು 14 ಅಡಿ, ತಳ ಚಪ್ಪಟೆ. ಹೊಸದಾಗಿ ಬಳಿದ ಹಸಿರು ಬಣ್ಣ, ನಾಲ್ಕು ಸ್ಟ್ರೋಕಿನ ಇಂಜಿನ್, ಸದ್ದೇ ಇಲ್ಲ. ಇವಳಿಗೆ ನೋಡಿದ ಕೂಡಲೇ ಹಿಡಿಸಿತು. ಎರಡನೆಯದು 16 ಅಡಿ, 1994ರದು, ವಿ ಆಕಾರದ ತಳ. ಸೀಟಿನ ರೆಕ್ಸಿನ್ ಹರಿದಿತ್ತು. ಎರಡು ಸ್ಟ್ರೋಕಿನ ಇಂಜಿನ್. ಸ್ಟಾರ್ಟ್ ಮಾಡಿದರೆ ನಮ್ಮಪ್ಪನ ಲೂನಾದ್ದೇ ಹೊಗೆ, ಅದೇ ವಾಸನೆ! ನಾನು ಬಿದ್ದದ್ದು ಆ ವಾಸನೆಗೇ ಅಂತ ಇವಳು ಈಗಲೂ ಆಡಿಕೊಳ್ಳುತ್ತಾಳೆ. ಸುಮ್ನೆ.

ಇಲ್ಲಿ 20 ಅಡಿಗಿಂತ ಚಿಕ್ಕ ದೋಣಿಗೆ ಒಂದು ಪಟ್ಟಿ ಬಡಿದಿರುತ್ತಾರೆ. ಎಷ್ಟು ಜನ, ಎಷ್ಟು ತೂಕ ಅಂತ ಅದರಲ್ಲಿರುತ್ತದೆ. ಹಸಿರು ದೋಣಿಯದರಲ್ಲಿ 3 ಜನ ಅಂತಿತ್ತು. ನಾವು ನಾಲ್ವರು, ಜೂನ್‌ನಲ್ಲಿ ಅಮ್ಮ ಬಂದರೆ ಐವರು. ಮಾರುವವನು "ಮಕ್ಕಳು ಲೆಕ್ಕಕ್ಕಿಲ್ಲ ಬಿಡಿ" ಅಂದ. ದೋಣಿಯಲ್ಲಿ ಎದ್ದು ಕುಣಿಯುವವರೇ ಅವರು, ಲೆಕ್ಕ ಅಲ್ಲಿಂದಲೇ ಶುರು ಅಲ್ವಾ? ಇನ್ನೊಂದರ ಪಟ್ಟಿಯಲ್ಲಿ 5 ಇತ್ತು. ಅದೂ ಅಲ್ಲದೆ ಚಪ್ಪಟೆ ತಳ ನಿಂತ ನೀರಿಗೆ ಸರಿ. ನಾವು ಹೋಗಬೇಕೆಂದಿರುವ ಮಿಲ್ ಲ್ಯಾಕ್ಸ್ ಕೆರೆ 200 ಚದರ ಮೈಲಿಗಿಂತ ದೊಡ್ಡದು, ಆಳ ಮಾತ್ರ ಕಮ್ಮಿ. ಗಾಳಿ ಬೀಸಿದರೆ ಅಂಥ ಕಡೆ ತೆರೆ ಬೇಗ ಏಳುತ್ತದೆ. ವಿ ತಳ ಅದನ್ನು ಸೀಳಿಕೊಂಡು ಹೋಗುತ್ತದೆ.

ಆದರೂ ಹಳೇದು ಹಳೇದೇ. ಅಮ್ಮ ಸಂತೆಯಲ್ಲಿ ಕೊಡಪಾನ ಕೊಳ್ಳುವಾಗ ನೀರು ತುಂಬಿಸಿ, ಎತ್ತಿ, ತಳ ಸವರಿ ನೋಡುತ್ತಿದ್ದಳಲ್ಲ? ಅದನ್ನೇ ಮಾಡಿದೆ. 16 ಅಡಿಯ ದೋಣಿ ಟ್ರೇಲರ್ ಮೇಲಿದ್ದ ಹಾಗೇ ಒಳಗೆ ಗೇಣುದ್ದ ನೀರು ಬಿಟ್ಟು, ಕೆಳಗೆ ಅಂಗಾತ ಮಲಗಿದೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ತಗಡು ಜೋಡಿಸುವ ಮೊಳೆ, ಅಂದರೆ ಒಂದು ರಿವೆಟ್ ಸುತ್ತ ಒದ್ದೆಯಾಯಿತು, ತೊಟಕ್ ಅಂತ ಹನಿ ನೇರ ಕನ್ನಡಕದ ಮೇಲೆ! ಒಟ್ಟು ಮೂರು ರಿವೆಟ್ ಸೋರುತ್ತಿದ್ದವು. ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಒಂದು ಕಡೆ ಕಬ್ಬಿಣದ ತುಂಡು ಒತ್ತಿ ಹಿಡಿದು ಇನ್ನೊಂದು ಕಡೆಯಿಂದ ಬಡಿದರೆ ಬಿಗಿಯಾಗುತ್ತವೆ.

ದೊಡ್ಡ ರೋಗ ಇರುವುದು ಹಿಂಭಾಗದಲ್ಲಿ. ಇಂಜಿನ್ ಕೂರಿಸುವ ಜಾಗದಲ್ಲಿ ತಗಡಿನ ಒಳಗೆ ಪ್ಲೈವುಡ್ ಇರುತ್ತದೆ. ಅದು ಕೊಳೆತಿದ್ದರೆ ಖರ್ಚು ಜಾಸ್ತಿ. ಇಂಜಿನ್ನಿನ ಕೆಳತುದಿ ಹಿಡಿದು ಜಗ್ಗಿ ನೋಡಿದೆ. ಮಿಸುಕಲಿಲ್ಲ. ಹಸಿರು ದೋಣಿಯಲ್ಲಿ ಹಾಗೇ ಜಗ್ಗಿದಾಗ ಹೊಸ ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು ಬಾಯಿ ಬಿಟ್ಟು ಮತ್ತೆ ಮುಚ್ಚಿಕೊಂಡಿತ್ತು. ಇವಳೂ ನೋಡಿದ್ದಳು. ಅಲ್ಲಿಂದ ಮುಂದೆ ಹಸಿರಿನ ಮಾತೇ ಎತ್ತಲಿಲ್ಲ.

3,400 ಡಾಲರ್ ಹೇಳಿದ್ದವನಿಗೆ ಮೂರು ಹನಿ ತೋರಿಸಿ 2,900ಕ್ಕೆ ಇಳಿಸಿದೆ.

ನಿನ್ನಿಂದ ಒಂದು ಕೆಲಸ ಆಗಬೇಕು ಮಾರಾಯ. ಹತ್ತು ವರ್ಷದೊಳಗಿನ ಮಕ್ಕಳು ದೋಣಿಯಲ್ಲಿ ಲೈಫ್ ಜಾಕೆಟ್ ಹಾಕಲೇಬೇಕು ಅಂತ ಇಲ್ಲಿ ಕಾನೂನಿದೆ, ಅವರದ್ದು ತಂದಾಗಿದೆ. ಅಮ್ಮನಿಗೂ ಒಂದು ತರಬೇಕು, ಎದೆ ಸುತ್ತಳತೆ ಬೇಕು. ಕೇಳಿದರೆ "ತುಂಗೆ ದಾಟಿದವಳಿಗೆ ಅದೆಲ್ಲ ಯಾಕೆ" ಅಂತಾಳೆ. ನಿನ್ನ ಮನೆಯವರನ್ನು ಒಮ್ಮೆ ಕಳಿಸು. ರವಿಕೆ ಹೊಲಿಸೋಕೆ ಅಂತ ಹೇಳಿ ಅಳತೆ ತಗೊಳ್ಳಲಿ.

ನಿನ್ನವ